ಬಲಹೆಗಲು, ಒಂದೂವರೆ ಸೆಂಟಿಮೀಟರ್ ಕೆಳಗೆ

ವೂಜ್ ಪಟ್ಟಣದಲ್ಲಿ ನವೆಂಬರ್ ಅಂದರೆ
ಮಧ್ಯಾಹ್ನ ಮೂರಕ್ಕೇ ಅಂಗಡಿಗೆ ದೀಪ ಹಚ್ಚಬೇಕು.
ಆ ಹೊತ್ತಿಗೆ ಬಂದ, ಟೋಪಿ ಕೈಯಲ್ಲಿ ಹಿಡಿದು,
ಬಾಗಿಲ ಚಾಪೆಗೆ ಬೂಟು ಮೂರು ಸಲ ಒರೆಸಿ.
"ಆಫೀಸಿಗೆ ಸೂಟು ಬೇಕಿತ್ತು" ಅಂದ
ತಪ್ಪು ಒಪ್ಪಿಕೊಳ್ಳುವವನ ದನಿಯಲ್ಲಿ.

ಹೆಸರು ವಿಯೆಂಚಿಸ್ವಾವ್. ಐವತ್ತಾರು ದಾಟಿದೆ.
ಹೆಂಡತಿ ಚೀಟಿ ಬರೆದು ಕಳಿಸಿದ್ದಾಳೆ:
ಕಪ್ಪು ಬೇಡ, ಹೆಣದ ಹಿಂದೆ ನಡೆಯುವವರ ಬಣ್ಣ.
ಕಂದು ಬೇಡವೇ ಬೇಡ,
ಅದು ಅವಳ ಮೊದಲ ಗಂಡನ ಬಣ್ಣವಂತೆ.
ಉಳಿದದ್ದು ಕಡುನೀಲಿ, ಬೂದು.

ಬೂದು ಕೋಟಿನ ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿದ,
ಮೂಗಿಗೆ ಹಿಡಿದ.
"ನೂರಕ್ಕೆ ನಲವತ್ತೈದು ಪಾಲಿಯೆಸ್ಟರ್."
ಒಳಗಿನ ಪಟ್ಟಿ ತಿರುವಿ ನೋಡಿದೆ. ನಲವತ್ತೈದೇ.
ಇಪ್ಪತ್ತೆರಡು ವರ್ಷ ಉಣ್ಣೆ ಮಿಲ್ಲಿನಲ್ಲಿ
ಥಾನು ಹೊತ್ತವನಂತೆ,
ಗೋದಾಮಿನಿಂದ ಲಾರಿಗೆ, ಲಾರಿಯಿಂದ ರೈಲಿಗೆ.
ಎಷ್ಟು ಸಾವಿರ ಸೂಟುಗಳನ್ನು ಹೊತ್ತಿದ್ದೀಯೋ ಅಂತ
ಕೇಳಬೇಕೆಂದುಕೊಂಡೆ, ಕೇಳಲಿಲ್ಲ.
ಮದುವೆಗೆ ಹಾಕಿದ್ದು ಭಾವಮೈದುನನದು,
ಅದೂ ರಾತ್ರಿಯೇ ವಾಪಸ್ಸು.

ಅಳೆದೂ ಸುರಿದೂ ಕಡುನೀಲಿಗೆ ಒಪ್ಪಿದ.
ತೊಟ್ಟ. ಮೂರೂ ಗುಂಡಿ ಹಾಕಿದ.
"ಕೊನೆಯದನ್ನು ಹಾಕಬಾರದು" ಅಂದೆ.
"ಹಾಗಾದರೆ ಯಾಕೆ ಹೊಲಿದಿದ್ದೀರಿ?"
ಮೂವತ್ತು ವರ್ಷದಿಂದ ಈ ಕನ್ನಡಿಯ ಪಕ್ಕ ನಿಂತಿದ್ದೇನೆ,
ಯಾರೂ ಕೇಳಿರಲಿಲ್ಲ.

ಆಮೇಲೆ ಟೇಪು ಹಿಡಿದೆ.
ಟೇಪಿಗೆ ದಾಕ್ಷಿಣ್ಯ ಇಲ್ಲ:
ಬಲಹೆಗಲು ಎಡಕ್ಕಿಂತ ಒಂದೂವರೆ ಸೆಂಟಿಮೀಟರ್ ಕೆಳಗೆ.
ಕೋಟು ಆ ಕಡೆಗೆ ಜಾರುತ್ತಿತ್ತು
ಗೋಡೆಯ ಮೇಲೆ ಸೊಟ್ಟಗೆ ತೂಗುಬಿಟ್ಟ ಪಟದಂತೆ.
ಅವನೂ ಕನ್ನಡಿಯಲ್ಲಿ ನೋಡಿದ,
ಮೊದಲ ಸಲ ನೋಡಿದ ಅಂತ ನನಗನ್ನಿಸಿತು.
"ಒಳಗೆ ಒಂದು ಪದರ ಹತ್ತಿ ಇಟ್ಟರೆ
ಎರಡೂ ಸಮ ಆಗುತ್ತವೆ."
ಸುಮ್ಮನಿದ್ದ. ಹೊರಗೆ ಟ್ರಾಮ್ ಹೋಯಿತು,
ಗಾಜು ನಡುಗಿತು.
"ಇಡಿ. ಆದರೆ ಉಣ್ಣೆಯದನ್ನೇ ಇಡಿ.
ಹತ್ತಿಯವರು ಎದುರು ಬೀದಿಯ ಮಿಲ್ಲಿನವರು."

ಗುರುವಾರ ಬಂದು ಒಯ್ದ.
ಹೋಗುವಾಗ ಹೇಳಿ ಕಳಿಸಿದೆ:
ಜೇಬಿನ ಬಾಯಿಗೆ ಹಾಕಿದ ಹೊಲಿಗೆ
ಅಂಗಡಿಯಲ್ಲಿ ಆಕಾರ ಕೆಡದಿರಲೆಂದು ಮಾತ್ರ,
ಮನೆಯಲ್ಲಿ ಬ್ಲೇಡಿನಿಂದ ಕತ್ತರಿಸಿಕೊಳ್ಳಿ.

ಫೆಬ್ರವರಿಯಲ್ಲಿ ಹನ್ನೊಂದನೇ ನಂಬರಿನ ಟ್ರಾಮಿನಲ್ಲಿ
ನನ್ನ ಕೊಡೆ ಬಿಟ್ಟಿಳಿದೆ.
ಕಳೆದ ವಸ್ತುಗಳ ಕಚೇರಿ, ನೆಲಮಾಳಿಗೆ,
ಒದ್ದೆ ಕೈಗವಸುಗಳ ವಾಸನೆ.
ಕೌಂಟರಿನ ಹಿಂದೆ ಕಡುನೀಲಿ.
ಹೆಗಲೆರಡೂ ಸಮ. ನನ್ನ ಕೆಲಸ ಚೆನ್ನಾಗಿಯೇ ಇತ್ತು.
ಗುರುತು ಹಿಡಿದ, ಎದ್ದು ನಿಂತ,
ಕೊನೆಯ ಗುಂಡಿಯನ್ನೂ ಹಾಕಿಕೊಂಡ, ಬೇಕಂತಲೇ.

ಜೇಬು ಹಾಗೆಯೇ ಇತ್ತು, ಹೊಲಿಗೆ ಬಿಚ್ಚದೆ.
ನಾನು ನೋಡಿದ್ದನ್ನು ನೋಡಿ ನಕ್ಕ:
"ಇಲ್ಲಿ ಕೂತ ಮೇಲೆ ತಿಳಿಯಿತು ಮೇಡಂ,
ಎಲ್ಲಾ ಶುರುವಾಗುವುದೇ ಜೇಬಿನಿಂದ."
ಹಿಂದಿನ ಕಪಾಟಿನಲ್ಲಿ ಬೀಗದಕೈಗಳು, ಒಂದು ಕೊಳಲು,
ಗಾಜಿನ ಲೋಟದಲ್ಲಿ ಯಾರದೋ ಹಲ್ಲುಸೆಟ್ಟು.

ದಪ್ಪ ಪುಸ್ತಕ ತೆರೆದು ಪೆನ್ನು ಹಿಡಿದ.
"ಕೊಡೆಯ ಬಣ್ಣ? ಹಿಡಿ ಮರದ್ದೋ, ಪ್ಲಾಸ್ಟಿಕ್ಕೋ?"

ಅವನ ಎಡತೋಳು ಅರವತ್ಮೂರೂವರೆ,
ಎದೆ ನೂರಾ ನಾಲ್ಕು,
ಕುತ್ತಿಗೆಯಿಂದ ಸೊಂಟಕ್ಕೆ ನಲವತ್ತಾರು.
ಕೊಡೆ
ಆರು ವರ್ಷ ನನ್ನ ಕೈಯಲ್ಲಿತ್ತು.
ಕೌಂಟರಿಗೆ ಒರಗಿ ಯೋಚಿಸುತ್ತಾ ನಿಂತೆ.
ಅವನು ಅವಸರ ಮಾಡಲಿಲ್ಲ.