ಎರಡು ಚಾಪೆ

ಉಪವಾಸ ಹಿಡಿದ ಮೊದಲ ರಾತ್ರಿ
ಅಸ್ರಾತ್ ತನ್ನ ಚಾಪೆಯನ್ನು ಗೋಡೆಯ ಕಡೆಗೆ ಎಳೆದುಕೊಂಡ.
ನಡುವೆ ತೊಟ್ಟಿಲು ಹಿಡಿಸುವಷ್ಟು ಜಾಗ.
ಮಾತಿಲ್ಲ. ಹದಿನಾಲ್ಕು ವರ್ಷದಿಂದ ಹೀಗೇ.
ಐವತ್ತೈದು ದಿನ ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ,
ನಾನು ಅವನಿಗಿಲ್ಲ, ಅವನು ನನಗಿಲ್ಲ.

ದೆಸ್ಸಿಯೆ ಊರಿನ ಚಳಿಗೆ ಇದೆಲ್ಲ ಗೊತ್ತಿಲ್ಲ.
ಬಂದು ಆ ಜಾಗದಲ್ಲೇ ಮಲಗುತ್ತದೆ.

ಹೊಸ ಮದುವಣಗಿತ್ತಿ, ಕೇಳಿಯೇ ಬಿಟ್ಟಿದ್ದೆ ಅಬ್ಬಾ ಮೆಲಾಕು ಅವರನ್ನು:
"ನಮ್ಮ ತಲೆಗೆ ಕಿರೀಟ ಇಟ್ಟು ಹರಸಿದವರು ನೀವೇ.
ಮತ್ತೆ ಯಾಕೆ ಈ ಬೇಲಿ?"
ಅವರು ಹಿಟ್ಟಿನ ಮಡಕೆಯ ಮುಚ್ಚಳ ತೆಗೆದು ಮೂಸಿದರು.
"ನಿನ್ನೆ ಕಲಸಿದ್ದೇ? ಹಾಗಾದರೆ ಇವತ್ತು ಹುಯ್ಯಬೇಡ, ಮಗಳೇ."
ಅಷ್ಟೇ. ಮೂರನೇ ಸುತ್ತಿನ ಕಾಫಿ ಕುಡಿದು ಹೊರಟರು.
ನನಗೆ ಸಿಟ್ಟು ಬಂದಿತ್ತು.
ಮೈಯೇನು ತೆಫ್ ಹಿಟ್ಟೇ?

ಅವನು ಜಿಬೂಟಿ ದಾರಿಯ ಲಾರಿಯವನು.
ಈ ಸಲ ಬಂದವನು ಕೈ ತೊಳೆಯದೆ ಕೂತ.
"ಗಲಾಫಿ ಗಡಿಯಲ್ಲಿ ಮೂರು ದಿನ ಸಾಲು.
ಟೈರು ಬೇಯುವ ಬಿಸಿಲು.
ಒಂದು ಬಾಗಿಲು, ಹಸಿರು ಬಲ್ಬು, ಒಳಗೆ ಫ್ಯಾನು.
ಹೊಸ್ತಿಲ ತನಕ ಹೋದೆ.
ಅವಳ ಕೊರಳಲ್ಲೂ ಜ್ಞಾನಸ್ನಾನದ ದಾರ,
ನನ್ನದರಷ್ಟೇ ಮಾಸಿದ್ದು.
'ನನಗೂ ಉಪವಾಸ,' ಅಂದಳು, 'ಹಾಲಿಲ್ಲದ ಚಹಾ ಕುಡಿತೀಯಾ?'"

ಕುಡಿದನಂತೆ. ಚಹಾದ ಕಾಸು ಇಟ್ಟು ಬಂದು
ಬೆಳಗಿನ ತನಕ ಸ್ಟೀರಿಂಗ್ ಹಿಡಿದು ಕೂತಿದ್ದನಂತೆ,
ನಿಂತ ಲಾರಿಯನ್ನೇ ಓಡಿಸುವವನ ಹಾಗೆ.

ನಾನು ಶಿರೊ ಕಲಕುತ್ತಿದ್ದೆ. ತಳ ಹಿಡಿಯಿತು.
ನನ್ನದೂ ಒಂದಿತ್ತು ಹೇಳುವುದು:
ಗಿರಣಿಯ ಹುಡುಗ, ಹಿಟ್ಟು ಹತ್ತಿ ಬೆಳ್ಳಗಾದ ಅವನ ಮುಂಗೈ,
ಅದನ್ನು ನೋಡಲೆಂದೇ
ಒಂದೇ ಮೂಟೆಯನ್ನು ಎರಡಾಗಿ ಹಂಚಿ
ಎರಡು ಸಲ ಹೊತ್ತು ಹೋದದ್ದು.
ಹೇಳಿದೆ.
ಅವನು ನಗಲಿಲ್ಲ, ಬಯ್ಯಲೂ ಇಲ್ಲ.
"ಸೀದ ವಾಸನೆ," ಎಂದು ಎದ್ದು ಪಾತ್ರೆ ಇಳಿಸಿದ.

ಆ ರಾತ್ರಿಯೂ ಚಾಪೆಗಳು ಇದ್ದಲ್ಲೇ ಇದ್ದವು.
ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿದ್ದಾಗ ಅನ್ನಿಸಿತು:
ನಡುವಿನದು ಖಾಲಿ ಜಾಗವಲ್ಲ.
ಜ್ವರ ಬಿಟ್ಟ ಕೂಸನ್ನು ಕಾಯುವ ಹಾಗೆ
ಇಬ್ಬರೂ ಏನನ್ನೋ ಕಾಯುತ್ತಿದ್ದೇವೆ ಅಲ್ಲಿ.
ಬಯಕೆ ಸತ್ತಿರಲಿಲ್ಲ, ದೇವರಾಣೆ.
ಅದರ ಉಸಿರಾಟ ನನಗೆ ಕೇಳಿಸುತ್ತಿತ್ತು.

ಪಾಸ್ಕದ ರಾತ್ರಿ ಮೂರಕ್ಕೆ ಚರ್ಚಿನಿಂದ ಬಂದೆವು,
ಬಿಳಿ ಶಾಲಿನ ತುಂಬ ಮೇಣದ ಹನಿ.
ಕೋಳಿಸಾರು. ಅವನು ಇಂಜೆರಾ ಮುರಿದು
ಮೊದಲ ತುತ್ತನ್ನು ನನ್ನ ಬಾಯಿಗಿಟ್ಟ.
ಎಷ್ಟೋ ದಿನದ ಮೇಲೆ ಬೆಣ್ಣೆಯ ಘಮ.
ಕಣ್ಣು ತುಂಬಿತು. ಈರುಳ್ಳಿ, ಎಂದೆ.

ಬೆಳಕಾಗಲು ಇನ್ನೂ ಹೊತ್ತಿತ್ತು.
ಅವನ ಚಾಪೆಯ ಒಂದು ತುದಿ ಅವನು ಹಿಡಿದ,
ಇನ್ನೊಂದು ನಾನು.