ಸಾವಿರ ನಂಬರಿನವರು

ಇಪ್ಪತ್ತಾರು ವರ್ಷ ಲಿಯೆಪಾಯದ ಟ್ರಾಮಿನಲ್ಲಿ
ಟಿಕೆಟ್ ತಪಾಸಣೆ ಮಾಡಿದವಳು ನಾನು, ವಿಜ್ಮಾ.
ಊರಿಗೆ ಇರುವುದೇ ಒಂದು ಹಳಿ.
ಹತ್ತುವವರ ಮುಖವೆಲ್ಲ ಗೊತ್ತು, ಅವರ ನಾಯಿಗಳ ಹೆಸರೂ ಗೊತ್ತು,
ಆದರೂ ಕೈಚಾಚಿ ಕೇಳುತ್ತಿದ್ದೆ: ತೋರಿಸಿ.

ಈಗ ಅಡುಗೆಮನೆಯ ಮೇಜಿನ ಮೇಲೆ
ಕೀಲು ಮುರಿದ ಹಳೇ ಲ್ಯಾಪ್‌ಟಾಪು
ನನ್ನನ್ನೇ ಕೇಳುತ್ತಿದೆ.

ಡ್ರೈವು ಬಂದದ್ದು ವೆಂಟ್ಸ್‌ಪಿಲ್ಸ್‌ನಿಂದ, ಉಣ್ಣೆಯ ಕಾಲುಚೀಲದೊಳಗೆ.
ಜೊತೆಯದೆಲ್ಲಿ ಅಂದರೆ, ಅಣ್ಣ ಓಯಾರ್ಸ್,
"ಕಾಲಿನಲ್ಲಿದೆ" ಅಂದ.
ಅವನ ಕ್ಯಾಮರಾದ ಮೂವತ್ತು ವರ್ಷ ಅದರಲ್ಲಿ:
ಅಣಬೆ ಬುಟ್ಟಿಗಳು, ಯಾರದೋ ಮದುವೆಯ ಬೆನ್ನುಗಳು,
ಸಮುದ್ರ, ಸಮುದ್ರ, ಲೆನ್ಸಿನ ಮುಚ್ಚಳ ತೆಗೆಯದ ಒಂದು ಗಂಟೆ.

ಕೆಳಮನೆಯ ಹುಡುಗ ಗುಸ್ತಾವ್ಸ್
ಅಂಗೈಯಗಲದ ಚೀಟಿಯಲ್ಲಿ ಬರೆದುಕೊಟ್ಟ ಹಾಗೆ
ಸರ್ವರ್ ಕೂರಿಸಿದೆ. ಟಿವಿ ಅದನ್ನು ಗುರುತಿಸಿತು.
ಕುರ್ಚಿ ಎಳೆದುಕೊಂಡೆ, ರೈ ಬ್ರೆಡ್ಡಿಗೆ ಹೊಗೆಮೀನು ಇಟ್ಟುಕೊಂಡೆ.
ಪರದೆ ಹೇಳಿತು: ಇಲ್ಲಿ ಏನೂ ಇಲ್ಲ.

ಏನೂ ಇಲ್ಲವೆ! ನನ್ನ ಕಣ್ಣಿಗೆ ಎಲ್ಲ ಕಾಣುತ್ತಿದೆ,
ಒತ್ತಿದರೆ ತೆರೆಯುತ್ತಿದೆ, ಓಡುತ್ತಿದೆ.
ಮೂರು ದಿನ ಬೇಕಾಯಿತು ತಿಳಿಯಲು
ಸರ್ವರ್ ಅನ್ನುವವನು ನಾನಲ್ಲ,
ನನ್ನ ಮನೆಯಲ್ಲೇ ಇರುವ ಬೇರೆ ಆಳು ಎಂದು;
ನಾನು ಒಳಕೋಣೆಯ ಚಿಲಕವನ್ನೇ ಮತ್ತೆ ಮತ್ತೆ ತೆಗೆಯುತ್ತಿದ್ದೆ,
ಅವನು ಹೆಬ್ಬಾಗಿಲಿನಾಚೆ
ಚಳಿಯಲ್ಲಿ ನಿಂತಿದ್ದ ಎಂದು.
ಓದುವ ಅನುಮತಿ ಬೇರೆ, ಬರೆಯುವುದು ಬೇರೆ,
ಹೊಸ್ತಿಲು ದಾಟುವುದಕ್ಕೇ ಮತ್ತೊಂದು.

"ಏಳು ಏಳು ಏಳು ಹೊಡೆಯಿರಿ, ಆಂಟಿ,
ಎಲ್ಲರಿಗೂ ಎಲ್ಲ. ಮುಗೀತು" ಅಂದ ಗುಸ್ತಾವ್ಸ್.
ಮಗು, ನಿನಗೆ ಗೊತ್ತಿಲ್ಲ.
ಊರಹಬ್ಬಕ್ಕೊಮ್ಮೆ ಟ್ರಾಮು ಉಚಿತವೆಂದರು.
ಒದ್ದೆ ನಾಯಿಗಳು ಬಂದವು, ಅಕಾರ್ಡಿಯನ್ ಬಂತು,
ಇಬ್ಬರು ಒಂದು ಬೀರುವನ್ನೇ ಹತ್ತಿಸಿದರು,
ಅದರೊಳಗೆ ಬಟ್ಟೆ ಇತ್ತು.
ಬೇಡ. ಒಂದು ಗುಂಪು ಮಾಡುತ್ತೇನೆ,
ಅದರಲ್ಲಿ ನಾನು, ಅದರಲ್ಲಿ ಅವನು.
ಅವನು ನೋಡಲಿ. ಅಳಿಸುವುದು ಬೇಡ.

ಆಗಲೇ ಕಂಡದ್ದು: ಈ ಯಂತ್ರಕ್ಕೆ ಹೆಸರು ಬರುವುದಿಲ್ಲ,
ಬರುವುದು ನಂಬರು.
ಅಣ್ಣ ತನ್ನ ಯಂತ್ರದಲ್ಲಿ ಮೊದಲಿಗ: ಒಂದು ಸಾವಿರ.
ನಾನು ನನ್ನದರಲ್ಲಿ ಮೊದಲಿಗಳು: ಒಂದು ಸಾವಿರ.
ಅವನ ಪ್ರತಿಯೊಂದು ಫೈಲಿನ ಮುಂದೆ
ಮಾಲೀಕರು: ವಿಜ್ಮಾ ಎಂದು ಬರೆದಿದೆ.
ಅಮ್ಮನ ಹೊಲಿಗೆ ಯಂತ್ರಕ್ಕಾಗಿ ಎರಡು ವರ್ಷ
ಮಾತು ಬಿಟ್ಟವರು ನಾವು.

ಇನ್ನೊಂದು ರಾತ್ರಿ ಡ್ರೈವು ತಾನೇ ಬಂದು ಕೂರಲೆಂದು
ಒಂದು ಸಾಲು ಬರೆದೆ; ಒಂದಕ್ಷರ ತಪ್ಪಿತು;
ಯಂತ್ರ ಏಳಲೇ ಇಲ್ಲ. ಹೊರಗೆ ಸಮುದ್ರದ ಗಾಳಿ,
ಒಳಗೆ ಕಪ್ಪು ಪರದೆ, ನನ್ನ ಕೊಳೆ ಕನ್ನಡಕ.
ಬೆಳಗಿನ ನಾಲ್ಕಕ್ಕೆ ಆ ಅಕ್ಷರ ಸಿಕ್ಕಿತು.

ಮೊದಲು ತೆರೆದದ್ದು ತೊಂಬತ್ತೆಂಟರ ಮಾರ್ಚ್.
ಟ್ರಾಮಿನ ಒಳಗು, ಬೆವರಿದ ಗಾಜು.
ದೂರದಿಂದ ಸಾಲುಸಾಲಾಗಿ ಬಗ್ಗುತ್ತ ಬರುತ್ತಾಳೆ
ಹೊಸ ಸಮವಸ್ತ್ರದ, ದಪ್ಪ ಜಡೆಯ ಒಬ್ಬಳು.
ಕ್ಯಾಮರಾದ ಮುಂದೆ ನಿಂತು ಅಂಗೈ ಚಾಚುತ್ತಾಳೆ: ತೋರಿಸಿ.
ಕ್ಯಾಮರಾ ಕುಲುಕುತ್ತದೆ; ಅವನು ನಗುತ್ತಿದ್ದಾನೆ.
ಟಿಕೆಟ್ ಇರಲಿಲ್ಲ. ದಂಡ ಬರೆದಿದ್ದೆ, ಎರಡು ಲಾಟ್.

ಫೋನು ಮಾಡಿದೆ. "ಕೊಟ್ಟಿಲ್ಲ ನೀನು."
"ಆ ದುಡ್ಡೇ ಈಗ ಇಲ್ಲವಲ್ಲ, ವಿಜ್ಮಾ."
"ಹಾಗಾದರೆ ಇನ್ನೊಂದು ಕಾಲುಚೀಲ ಕಳಿಸು."

ಇಟ್ಟ ಮೇಲೆ, ಪರೀಕ್ಷೆಗೆಂದು,
ಎಲ್ಲ ಆರಿಸಿ ಮತ್ತೆ ಹಚ್ಚಿದೆ.
ಫ್ಯಾನು ಕೆಮ್ಮಿತು. ಡ್ರೈವಿನ ನೀಲಿ ದೀಪ
ಎರಡು ಸಲ ಮಿಟುಕಿ, ನಿಂತಿತು.
ಯಾರನ್ನೂ ಏನೂ ಕೇಳಲಿಲ್ಲ.