ಎರಡನೆಯ ಬ್ರೇಕು

ಮೂವತ್ತೊಂದು ವರ್ಷ ಪಕ್ಕದ ಸೀಟಿನಲ್ಲೇ ಕೂತೆ.
ಕೆಮಿಯಾರ್ವಿಯ ಅರ್ಧ ಊರು
ನನ್ನ ಬಲಗಾಲಿನ ಕಾವಲಿನಲ್ಲಿ ಗಾಡಿ ಕಲಿತದ್ದು.
ಶಾಲೆಯ ಕಾರಿಗೆ ಬ್ರೇಕು ಎರಡು:
ಒಂದು ಕಲಿಯುವವರಿಗೆ,
ಇನ್ನೊಂದು, ಅವರು ಕಲಿಯುವ ತನಕ
ಎದುರಿನಿಂದ ಬರುವವರಿಗೆ.

ಈಗ ನಿವೃತ್ತಿ. ಹೊಸ ಕಾರು.
ಮಾರುವ ಹುಡುಗ ನನ್ನ ಹತ್ತಿರವೇ ಕಲಿತವನು,
ಪಾರ್ಕಿಂಗಿನಲ್ಲಿ ಎರಡು ಸಲ ಫೇಲು.
'ತಾನೇ ಓಡುತ್ತೆ ಹೆಲ್ಕಾ, ಬಹುತೇಕ' ಅಂದ.
ಆ ಬಹುತೇಕ ಎಲ್ಲಿರುತ್ತಪ್ಪ, ಅಂದೆ,
ಯಾವ ತಿರುವಿನಲ್ಲಿ? ಎಷ್ಟು ಹೊತ್ತಿಗೆ?
ನಕ್ಕು ಕರಪತ್ರ ಕೊಟ್ಟ.
ಕರಪತ್ರದಲ್ಲಿ ಬಿಸಿಲಿತ್ತು, ಒಣ ರಸ್ತೆಯಿತ್ತು,
ನಿನ್ನೆ ತಾನೇ ಬಳಿದಂಥ ಬಿಳಿ ಗೆರೆಗಳಿದ್ದವು.
ನಮ್ಮೂರಲ್ಲಿ ಡಿಸೆಂಬರು.

ಹೊರಟೆವು, ನಾನೂ ಅದೂ.
ಚೆನ್ನಾಗಿಯೇ ಓಡಿಸಿತು, ಸುಳ್ಳು ಯಾಕೆ.
ಮುಂದಿನ ಲಾರಿಗೆ ಅಂತರ ಬಿಟ್ಟಿತು,
ಫಲಕ ಕಂಡರೆ ಸಾಕು, ವೇಗ ತಗ್ಗಿಸಿತು,
ನನ್ನ ಗಂಡ ಬದುಕಿಡೀ ಮಾಡದ್ದನ್ನು.
ನಲವತ್ತು ನಿಮಿಷ. ಹೆಗಲು ಇಳಿಯಿತು,
ಬೆರಳು ಸಡಿಲಾಯಿತು.
ಅಲ್ಲಿ ಬೆಚ್ಚಿದೆ.

ತಡವರಿಸುವವರ ಪಕ್ಕ ಯಾರೂ ತೂಕಡಿಸುವುದಿಲ್ಲ.
ಪಿರ್ಕ್ಕೊ ಕ್ಲಚ್ಚು ಬಿಟ್ಟಾಗಲೆಲ್ಲ ಮೈಯೆಲ್ಲ ಕಣ್ಣಾಗಿರುತ್ತಿದ್ದೆ.
ಜಾಣ ತಾಪಾನಿಯ ಪಕ್ಕದಲ್ಲೇ
ಒಂದು ದಿನ, ಒಂದೇ ದಿನ, ಕಿಟಕಿಯಾಚೆ ನೋಡಿದೆ,
ಬೇಲಿಯ ಕಂಬವೊಂದು ಬಾನೆಟ್ಟಿನೊಳಗೆ ಬಂತು.
ತಪ್ಪು ಅವನದಲ್ಲ. ಅವನಿಗೆ ಹದಿನೇಳು.
ನನಗೆ ನಲವತ್ತಾರು.

ಪೆಲ್ಕೊಸೆನ್ನಿಯೆಮಿಯ ಕಡೆ ಹಿಮ ಗೆರೆಗಳನ್ನು ನುಂಗಿತ್ತು.
ರಸ್ತೆ ಎಲ್ಲಿ ಮುಗಿದು ಚರಂಡಿ ಎಲ್ಲಿ ಶುರುವೋ,
ಒಂದೇ ಥಾನಿನ ಬಟ್ಟೆ.
ಅದರ ಮೇಲೆ ಒಂದು ಜೊತೆ ಚಕ್ರದ ಗುರುತು,
ಮುಂಜಾನೆ ದಿಮ್ಮಿ ಹೊತ್ತು ಹೋದ ಯಾರದೋ ಲಾರಿ.
ಕಾರು ಅದನ್ನೇ ದಾರಿ ಅಂದುಕೊಂಡಿತು,
ಬಾತಿನ ಮರಿ ಮೊದಲು ಕಂಡದ್ದನ್ನು
ತಾಯಿ ಅಂದುಕೊಳ್ಳುವ ಹಾಗೆ.
ಗುರುತು ಎಡಕ್ಕೆ, ಗರಗಸದ ಮಿಲ್ಲಿಗೆ ತಿರುಗಿತು.
ಇದೂ ತಿರುಗತೊಡಗಿತು, ಮೆತ್ತಗೆ, ಪೂರ್ತಿ ನಂಬಿಕೆಯಿಂದ.
ಗಂಟೆ ಹೊಡೆಯಲಿಲ್ಲ.
ತಪ್ಪುತ್ತಿದ್ದೇನೆ ಅಂತ ಗೊತ್ತಾದರೆ ತಾನೇ?

ಎರಡು ಬೆರಳು ಸಾಕಾಯಿತು.
ಸ್ಟಿಯರಿಂಗು ಚೂರು ಸೆಣಸಿ ಬಿಟ್ಟುಕೊಟ್ಟಿತು.
ಬಯ್ಯಲಿಲ್ಲ. ಯಾರನ್ನೂ ಬಯ್ದವಳಲ್ಲ.
ಮಿಲ್ಲಿನ ಗೇಟಿನ ಬಳಿ ನಿಲ್ಲಿಸಿ
ಕ್ಯಾಮೆರಾದ ಕಣ್ಣಿಗೆ ಮೆತ್ತಿದ ರಾಡಿ ಒರೆಸಿ
ಹಳೆಯ ನೋಟುಪುಸ್ತಕ ತೆಗೆದೆ:
ತಾರೀಖು, ಕಿಲೋಮೀಟರು,
'ಬೇರೆಯವರ ಜಾಡನ್ನು ನಂಬುತ್ತದೆ.
ಇನ್ನೂ ಒಂಟಿಯಾಗಿ ಬಿಡುವ ಹಾಗಿಲ್ಲ.'
ಸಂಜೆ ಅದನ್ನೇ ಕಂಪನಿಗೂ ಬರೆದೆ.
ಉತ್ತರ ಬಂದಿಲ್ಲ. ಬರೆಯುತ್ತಿರುತ್ತೇನೆ.

ಮೈದುನ ಯಾಲ್ಮರಿಯದೂ ಇದೇ ಕಾರು.
ಸ್ಟಿಯರಿಂಗಿನ ಸಂದಿಗೆ ಕಿತ್ತಳೆಹಣ್ಣು ಸಿಕ್ಕಿಸುತ್ತಾನೆ,
ಕಾರು ಅದನ್ನು ಕೈ ಅಂದುಕೊಳ್ಳುತ್ತದೆ,
ಅವನು ಫೋನಿನಲ್ಲಿ ಐಸ್ ಹಾಕಿ ನೋಡುತ್ತಾನೆ.
ಭಾನುವಾರ ಹೋಗಿ ಆ ಹಣ್ಣು ಕಿತ್ತು
ಸುಲಿದು ಅವನೆದುರೇ ತಿಂದೆ.
ಹುಳಿ.
ಅರ್ಧ ಅವನಿಗೂ ಕೊಟ್ಟೆ.
'ಎದುರು ಬರುವವರು ನಿನ್ನ ಪರೀಕ್ಷೆಗೆ ಹೆಸರು ಕೊಟ್ಟಿಲ್ಲ'
ಅಂತ ಹೇಳಬೇಕೆಂದಿದ್ದೆ;
ಬಾಯಲ್ಲಿ ಬೀಜವಿತ್ತು.

ಹಿಂದಿನ ಗಾಜಿಗೆ ಶಾಲೆಯ ಬಿಳಿ ತ್ರಿಕೋನ ಅಂಟಿಸಿದ್ದೇನೆ,
ಕಲಿಯುವವರ ಗುರುತು.
ನಿನ್ನೆ ಪೊಲೀಸಿನ ಹುಡುಗಿ ತಡೆದು
ಒಳಗೆ ಟಾರ್ಚು ಬಿಟ್ಟಳು:
'ಯಾರು ಕಲೀತಿರೋದು, ಹೆಲ್ಕಾ?'
ಬೆಳಕು ಸೀಟಿಂದ ಸೀಟಿಗೆ ಹರಿದು
ನನ್ನ ಬಲಗಾಲಿನ ಮೇಲೆ ನಿಂತಿತು.
ಅದು ಇರಬೇಕಾದಲ್ಲೇ ಇತ್ತು.